ಪಟ್ಟಿಯಲ್ಲಿ ಓರಗಿತ್ತಿ ಇಲ್ಲ

ಮಾರ್ಚ್ 4, ಬೆಳಿಗ್ಗೆ

ಮತ್ತೆ ಪಾಸ್‌ವರ್ಡ್ ತಪ್ಪಂತೆ. ತಪ್ಪಿಲ್ಲ, ನಾನೇ ಇಟ್ಟದ್ದು. ಗುದ್ದಾಡಿ ಗುದ್ದಾಡಿ ಕೊನೆಗೆ ಆಸ್ಪತ್ರೆಯ ಪೋರ್ಟಲ್ ಬಾಗಿಲು ತೆಗೆಯಿತು. ನನ್ನ ಖಾತೆ ಹಳೆಯದು. ಕ್ಯಾನ್ಸರ್ ಬಂದು ಎಡ ಸ್ತನ ತೆಗೆಸಿಕೊಂಡ ವರ್ಷದ್ದು. ಈಗ ಅಕ್ಕನ ಖಾತೆಯನ್ನೂ ಅದಕ್ಕೆ ಜೋಡಿಸಬೇಕು. ಅವಳ ಎದೆಯಲ್ಲೂ ಗಂಟು ಸಿಕ್ಕಿದೆ. ಮೊನ್ನೆ ಸೂಜಿ ಚುಚ್ಚಿ ಚೂರು ತೆಗೆದಿದ್ದಾರೆ. ರಿಪೋರ್ಟ್ ಪೋರ್ಟಲ್‌ನಲ್ಲೇ ಬರುತ್ತದಂತೆ, ಯಾರೂ ಫೋನ್ ಮಾಡಿ ಹೇಳುವುದಿಲ್ಲವಂತೆ.

ಅಕ್ಕ ಸ್ಕೂಲ್ ವ್ಯಾನ್ ಓಡಿಸುತ್ತಾಳೆ. ಎಂಥ ಇಕ್ಕಟ್ಟಿನ ಗಲ್ಲಿಯಲ್ಲೂ ರಿವರ್ಸ್ ತೆಗೆಯುವವಳು, ಫೋನಿನಲ್ಲಿ ಹಸಿರು ಗುಂಡಿ ಬಿಟ್ಟರೆ ಇನ್ನೇನೂ ಮುಟ್ಟುವುದಿಲ್ಲ. "ಏ ಇವಳೇ, ಅದೆಲ್ಲ ನೀನೇ ನೋಡ್ಕೊ" ಎಂದಳು. ನನ್ನನ್ನು ಮೊದಲಿಂದಲೂ ಕರೆಯುವುದೇ ಹಾಗೆ — ಇವಳೇ.

ಪೋರ್ಟಲ್ ಕೇಳಿತು: ರೋಗಿಗೂ ನಿಮಗೂ ಸಂಬಂಧ? ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಇತರೆ. ಪಟ್ಟಿ ಪೂರ್ತಿ ಜಾಲಾಡಿದೆ. ಓರಗಿತ್ತಿ ಇಲ್ಲ. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣ ತಮ್ಮ ಇಬ್ಬರೂ ಹೋದರು, ನಾವಿಬ್ಬರು ಉಳಿದೆವು. ಎರಡು ಜಡೆ ಸೇರಿದರೆ ಜಗಳ ಅನ್ನುತ್ತಾರೆ. ನಾವೂ ಬೇಕಾದಷ್ಟು ಆಡಿದ್ದೇವೆ. ಕೀಮೋಗೆ ನನ್ನ ಜಡೆ ಉದುರಿದ ಮೇಲೆ ಜಗಳವೂ ನಿಂತಿತು.

'ಇತರೆ' ಒತ್ತಿದರೆ ಡಾಕ್ಟರ ಭೇಟಿಯ ದಿನ ಮಾತ್ರ ಕಾಣುತ್ತದೆ, ರಿಪೋರ್ಟ್ ಕಾಣುವುದಿಲ್ಲ. ನಾನು ಇತರೆಯೇ? ಮೈ ಉರಿಯಿತು. ಬಾಯಿ ತುಂಬ ಅಕ್ಕ ಅಂತ ತಾನೇ ಕರೆಯುವುದು... 'ಒಡಹುಟ್ಟಿದವರು' ಒತ್ತಿದೆ.

ಮಾರ್ಚ್ 9

ರಿಪೋರ್ಟ್ ಇಲ್ಲ. ನಾನು ಕೆಲಸ ಮಾಡುವ ಅಂಗಡಿಯಲ್ಲಿ ಗಿರಾಕಿಯ ಕನ್ನಡಕಕ್ಕೆ ಎಡದ ಗ್ಲಾಸ್ ಬಲಕ್ಕೆ ಕೂರಿಸಿದೆ. ಮಾಲೀಕರು ಗೊಣಗಿದರು.

ಮಾರ್ಚ್ 11, ಸಂಜೆ

ಪೋರ್ಟಲ್‌ನಲ್ಲಿ ಕೆಂಪಕ್ಷರ. "ಅಧಿಕ ಅಪಾಯ. ಒಡಹುಟ್ಟಿದವರಿಗೆ ಸ್ತನ ಕ್ಯಾನ್ಸರ್. ವಂಶವಾಹಿ ಪರೀಕ್ಷೆ ಮುಗಿಯುವವರೆಗೆ ವರದಿ ತಡೆಹಿಡಿಯಲಾಗಿದೆ." ಪರೀಕ್ಷೆಗೆ ಕೊಟ್ಟ ದಿನ ಏಪ್ರಿಲ್ ಕೊನೆಗೆ.

ನನ್ನ ಖಾತೆಯಲ್ಲಿದ್ದ ಕಾಯಿಲೆಯನ್ನು ಎತ್ತಿ ಅವಳ ರಕ್ತಕ್ಕೆ ಸುರಿದಿದ್ದಾರೆ! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಈಯಿತು ಎಂದವಳು ನಾನೇ, ಒಪ್ಪಿದೆ. ಕಟ್ಟುವ ಮುಂಚೆ ಒಂದು ಮಾತು ಕೇಳಬಾರದಿತ್ತೆ? ಇಬ್ಬರ ತಂದೆಯ ಹೆಸರೂ ಅಲ್ಲೇ ಇದೆ. ಕಣ್ಣಿದ್ದವರು ಒಬ್ಬರು ಓದಿದ್ದರೆ ಸಾಕಿತ್ತು.

ಅಕ್ಕ ವ್ಯಾನಿನ ಸೀಟು ಒರೆಸುತ್ತಿದ್ದಳು. ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ.

"ಏಪ್ರಿಲ್‌ವರೆಗೂ ಇದನ್ನ ಎದೇಲಿಟ್ಕೊಂಡು ಹೇಗೆ ಗಾಡಿ ಓಡಿಸ್ಲಿ? ಹಿಂದೆ ಮಕ್ಕಳು ಕೂತಿರ್ತಾವೆ" ಎಂದಳು. ಒರೆಸಿದ ಸೀಟನ್ನೇ ಮತ್ತೆ ಒರೆಸಿದಳು.

ಮಾರ್ಚ್ 12

ನಾವು ಒಡಹುಟ್ಟಿದವರಲ್ಲ, ತಿದ್ದಿ ಎಂದು ಪೋರ್ಟಲ್‌ಗೆ ಮೆಸೇಜ್ ಹಾಕಿದೆ. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂದು ಕ್ಷಣದಲ್ಲೇ ಉತ್ತರ. ರಜೆ ಹಾಕಿ ನಾನೇ ಹೋದೆ.

"ಪೋರ್ಟಲ್‌ನಲ್ಲೇ ಹಾಕ್ಬೇಕು ಮೇಡಂ" ಎಂದಳು ಕೌಂಟರಿನವಳು.

"ಅದ್ರಲ್ಲಿ ಹಾಕಿದ್ದಕ್ಕೇ ಇಲ್ಲಿಗೆ ಬಂದಿರೋದು ಕಣಮ್ಮ."

"ನೀವು ಅಕ್ಕ-ತಂಗಿ ಅಲ್ಲ ಅನ್ನೋಕೆ ಪ್ರೂಫ್ ಇದ್ಯಾ?"

ತಂಗಿಯಾಗುವಾಗ ಯಾರೂ ಪ್ರೂಫ್ ಕೇಳಲಿಲ್ಲ. ಅಲ್ಲ ಅನ್ನಲು ಬೇಕಂತೆ. "ನಾವು ಓರಗಿತ್ತಿಯರು" ಎಂದೆ.

"ಅಂದ್ರೆ?"

ಬಿಡಿಸಿ ಹೇಳಿದೆ. "ಓ... ಹಾಗಾದ್ರೆ ನೀವು ಇತರೆ. ಬದಲಾಯಿಸ್ತೀನಿ, ಆದ್ರೆ ರಿಪೋರ್ಟ್ ನಿಮಗೆ ಕಾಣಲ್ಲ."

ಅತ್ತ ದರಿ, ಇತ್ತ ಪುಲಿ. ತಂಗಿಯಾಗಿ ಉಳಿದರೆ ರಿಪೋರ್ಟ್ ಬಿಡುವುದಿಲ್ಲ, ಇತರೆಯಾದರೆ ಬಿಟ್ಟದ್ದು ನನ್ನ ಕಣ್ಣಿಗೆ ಬೀಳುವುದಿಲ್ಲ. ಬದಲಾಯಿಸಿ ಎಂದೆ. ಬಸ್ಸಿನಲ್ಲಿ ಅಳು ಬಂತು. ಸಿಟ್ಟಿಗೆ. ಜೊತೆಗೆ, ಅವಳನ್ನು ಕೈಯಾರೆ ಬಿಟ್ಟುಕೊಟ್ಟು ಬಂದ ಹಾಗಾಯಿತು ಎಂಬ ಸಂಕಟಕ್ಕೆ.

ಮಾರ್ಚ್ 20, ಮಧ್ಯಾಹ್ನ

ಊಟಕ್ಕೆ ಕೂತಿದ್ದೆವು. ಅಕ್ಕನ ಫೋನ್ ಟಿಣ್ ಎಂದಿತು. ನೋಡಿದಳು, ಆಸ್ಪತ್ರೆಯದು. ನನ್ನ ಕಡೆ ತಳ್ಳಿದಳು.

"ನೀನೇ ಓದು. ಕನ್ನಡಕ ಕಾಣ್ತಿಲ್ಲ."

ಕನ್ನಡಕ ಅವಳ ತಲೆಯ ಮೇಲೇ ಇತ್ತು. ಫೋನ್ ಎತ್ತಿಕೊಂಡೆ. ತೆರೆಯುವ ಮುಂಚೆ ಪೋರ್ಟಲ್ ಕೇಳಿತು: ರೋಗಿ ನೀವೇನಾ?

"ಹೌದು ಅಂತ ಒತ್ತೇ" ಎಂದಳು. ಒತ್ತಿದೆ.

ಕ್ಯಾನ್ಸರ್ ಅಲ್ಲ. ಅಪಾಯವಿಲ್ಲದ ಗಂಟು. ಗಟ್ಟಿಯಾಗಿ ಓದಿದೆ, ಮತ್ತೊಮ್ಮೆ ಓದಿದೆ. ಅಕ್ಕ ಕಲಸಿದ ಅನ್ನವನ್ನೇ ಮತ್ತೆ ಕಲಸುತ್ತಿದ್ದಳು. ಖುಷಿಗೆ ನಾನು ಕೆಳಗಿನ ಸಾಲನ್ನೂ ಓದಿಬಿಟ್ಟೆ: "ಕುಟುಂಬದಲ್ಲಿ ಯಾರಿಗೂ ಸ್ತನ ಕ್ಯಾನ್ಸರ್ ಬಂದಿಲ್ಲ."

ತಲೆ ಎತ್ತಿದಳು. "ಯಾರಿಗೂ ಬಂದಿಲ್ವಂತಾ?"

"ಅದು ರಕ್ತಸಂಬಂಧದ ಮಾತು ಅಕ್ಕ. ಅವರು ಬರೆದಿದ್ದು ಸರಿ."

"ಏನು ಸರಿ? ಹಾಗಾದ್ರೆ ಮನೆ ತುಂಬ ಉದುರಿದ ಕೂದಲು ಗುಡಿಸಿದ್ದು ಯಾರು, ಇವರಪ್ಪನಾ? ಕಂಪ್ಲೇಂಟ್ ಬರಿ. ನಾನು ಹೇಳ್ತೀನಿ, ನೀನು ಬರ್ಕೋ. ನಮ್ಮ ಮನೇಲಿ ಬಂದಿತ್ತು. ನನ್ನ ತಂಗಿಗೆ ಬಂದಿತ್ತು."

"ತಂಗಿ ಅಂತ ಬರೆದ್ರೆ ಮತ್ತೆ ಕೆಂಪಕ್ಷರ ಬರುತ್ತೆ ಅಕ್ಕ."

"ಬರ್ಲಿ."

ಕೈ ಕೂಡ ತೊಳೆದಿಲ್ಲ, ಎದುರಿಗೇ ನಿಂತಿದ್ದಾಳೆ. ಮೊದಲು ಇಲ್ಲಿ ಬರೆದುಕೊಂಡು ಆಮೇಲೆ ಪೋರ್ಟಲ್‌ಗೆ ಹಾಕುತ್ತೇನೆ —

ಮಾನ್ಯರೇ, ನನ್ನ ತಂಗಿಗೆ...