ನಲವತ್ತೆರಡನೆಯವಳು

ಆಗಸ್ಟ್ 7, 2025. ಗುರುವಾರ

ರೇಷ್ಮೆ ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ. ತಲೆ ಎತ್ತಿಕೊಂಡು, ಪೊರೆ ಬಿಡುತ್ತಾ, ಸುಮ್ಮನೆ. ನಾಳೆ ಸಂಜೆವರೆಗೆ ಸೊಪ್ಪು ಹಾಕುವಂತಿಲ್ಲ. ಕೈಗೆ ಕೆಲಸವಿಲ್ಲ.

ನನಗೂ ಜ್ವರ. ಸಂಜೆಯಾದರೆ ಮೈ ಕಾವು, ಬೆಳಗಾಗುವುದರೊಳಗೆ ಸೀರೆಯೆಲ್ಲ ಬೆವರು. ಕತ್ತಿನ ಗಂಟು ನಿಂಬೆಹಣ್ಣಿನಷ್ಟಾಗಿದೆ. ಮಂಡ್ಯದ ಆಸ್ಪತ್ರೆಯಿಂದ ರಿಪೋರ್ಟು ಬಂತು. ಸಿದ್ದರಾಮು ಓದಿ ಮಡಚಿ ಜೇಬಿಗೆ ಇಟ್ಟುಕೊಂಡ. ತಾಲ್ಲೂಕು ಆಫೀಸಿನಲ್ಲಿ ಊರವರ ಕಡತವೆಲ್ಲ ಬಿಚ್ಚಿ ನೋಡುವ ಮಗ, ಹೆತ್ತವಳ ಕಾಗದ ಮುಚ್ಚಿಡುತ್ತಾನೆ.

"ಏನಂತ್ಲಾ?"

"ಏನಿಲ್ಲ ಬುಡವ್ವ. ಗಂಟು ಕರಗಿಸ್ಬೇಕಂತೆ."

"ಗಂಟಿಗೆ ಎಸ್ರಿಲ್ವಾ?"

ಟವೆಲು ಹೆಗಲಿಗೆ ಹಾಕಿಕೊಂಡು ಎದ್ದ. ಸ್ನಾನಕ್ಕೆ ಹೋದಾಗ ಅಂಗಿ ಜೇಬಿನಿಂದ ತೆಗೆದೆ. ಇಂಗ್ಲಿಷು. ನಾನು ಕಲಿತದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡ. ಆದರೂ ಒಂದು ಪದ ಎರಡು ಕಡೆ ದಪ್ಪಕ್ಷರದಲ್ಲಿತ್ತು. ಅದನ್ನು ನೋಡಿಕೊಂಡು ಹಾಗೇ ಅಂಗೈ ಮೇಲೆ ಬರೆದುಕೊಂಡೆ. ಮುಂದಿನ ಗುರುವಾರ ಮಂಡ್ಯದ ಡಾಕ್ಟರಮ್ಮನಿಗೆ ಅಂಗೈ ತೋರಿಸುತ್ತೇನೆ. ನೋಡೋಣ.

ಆಗಸ್ಟ್ 14. ಗುರುವಾರ. ಸಂಜೆ

ತೋರಿಸಿದೆ. ಅಳಿಸಿ ಹೋದಂತೆಲ್ಲ ನಾಲ್ಕು ಸಲ ತಿದ್ದಿ ಬರೆದುಕೊಂಡಿದ್ದೆ. ಡಾಕ್ಟರ್ ರೂಪ ಅಂಗೈ ನೋಡಿ, ಸಿದ್ದರಾಮು ಮುಖ ನೋಡಿ, ಆಮೇಲೆ ನನ್ನ ಕಡೆಗೆ ಕುರ್ಚಿ ತಿರುಗಿಸಿಕೊಂಡು ಕೂತರು. ಒಳ್ಳೆಯ ಹೆಣ್ಣು. ನಲವತ್ತಿರಬಹುದು.

ಲಿಂಫೋಮಾ. ಒಂದು ಥರದ ಕ್ಯಾನ್ಸರ್. ವಾಸಿಯಾಗುವ ಜಾತಿಯದೇ. ಆದರೆ ನನ್ನ ತಲೆಸುತ್ತಿಗೆ ಅಂತ ತೆಗೆದ ಸ್ಕ್ಯಾನಿನಲ್ಲಿ ಇನ್ನೊಂದು ಸಿಕ್ಕಿದೆ. ಮಿದುಳಿನ ರಕ್ತನಾಳ ಒಂದು ಕಡೆ ತೆಳುವಾಗಿ ಉಬ್ಬಿದೆ. ಹೆಸರುಕಾಳಿನಷ್ಟು. ಅನ್ಯೂರಿಸಂ ಅಂತ ಅದರ ಹೆಸರು. ಸವೆದ ಸೈಕಲ್ ಟ್ಯೂಬು ಉಬ್ಬುತ್ತಲ್ಲ, ಹಾಗೆ. ಗಂಟಿಗೆ ಕೊಡುವ ಔಷಧಿಯಿಂದ ಬಿ.ಪಿ. ಏರಿದರೆ ಅದು ಒಡೆಯಬಹುದು. ಒಡೆದರೆ ಮುಗಿಯಿತು. ಅದಕ್ಕೆ ನನ್ನಂಥವರಿಗೆ ಅರ್ಧ ಡೋಸ್ ಕೊಟ್ಟು ಕಳಿಸುತ್ತಾರಂತೆ.

"ಅರ್ಧ ಡೋಸ್‌ಗೆ ಅರ್ಧ ಗಂಟು ಕರಗ್ತದಾ?"

"ಹತ್ತು ಜನರಲ್ಲಿ ನಾಲ್ಕು ಜನಕ್ಕೆ ವಾಸಿ ಆಗ್ಬಹುದು ಅಜ್ಜಿ. ಗ್ಯಾರಂಟಿ ಇಲ್ಲ."

ಇನ್ನೊಂದು ದಾರಿ ಇದೆ. ಎರಡೂ ಕಾಯಿಲೆ ಒಟ್ಟಿಗೆ ಇರುವವರಿಗೆ ಪೂರ್ತಿ ಡೋಸ್ ಕೊಟ್ಟು, ದಿನಾ ಬಿ.ಪಿ. ಹಿಡಿದು, ಪದೇ ಪದೇ ತಲೆ ಸ್ಕ್ಯಾನ್ ಮಾಡಿ ನೋಡುವ ಒಂದು ಸಂಶೋಧನೆ. ಇದುವರೆಗೆ ನಲವತ್ತೊಂದು ಜನ. ಏನಾದರು ಎಂದು ಕೇಳಿದೆ. ಸಿದ್ದರಾಮು "ಅವ್ವ, ಅದೆಲ್ಲ ಯಾಕೆ" ಅಂದ. ಡಾಕ್ಟರಮ್ಮ ಮುಚ್ಚಿಡಲಿಲ್ಲ. ಇಪ್ಪತ್ತೆಂಟು ಜನಕ್ಕೆ ಗಂಟು ಹೋಗಿದೆ. ಹನ್ನೊಂದು ಜನ ಗಂಟಿನಿಂದಲೇ ಹೋದರು. ಇಬ್ಬರಿಗೆ ತಲೆಯಲ್ಲಿ ಒಡೆಯಿತು.

"ಆ ಇಬ್ರು ಎಸ್ರೇನು?"

"ಹೆಸರು ಹೇಳೋ ಹಾಗಿಲ್ಲ. ನಂಬರ್ ಅಷ್ಟೇ."

"ನನ್ನೂ ಸೇರಿಸ್ಕೊಳ್ಳಿ."

ಆಧಾರ್ ಕೇಳಿದರು. ಕೊಟ್ಟೆ. ನೋಡಿದರು. ಮುಖ ಸಣ್ಣಗಾಯಿತು. ಎಪ್ಪತ್ತು ತುಂಬಿದವರನ್ನು ಸೇರಿಸುವುದಿಲ್ಲವಂತೆ. ನನಗೆ ಎಪ್ಪತ್ತನಾಲ್ಕು.

ನನಗೆ ಎಪ್ಪತ್ತನಾಲ್ಕು ಅಲ್ಲ.

"ಸುಳ್ಳು ಅದು. ಅರವತ್ತೆಂಟು ನಂಗೆ."

"ನೀವು ಹೇಳಿದ್ದನ್ನ ಬರೆಯೋಕಾಗಲ್ಲ ಅಜ್ಜಿ. ವಯಸ್ಸು ತಪ್ಪಾದ್ರೆ ನಮ್ಮ ಉತ್ತರವೂ ತಪ್ಪಾಗುತ್ತೆ. ಅದನ್ನ ನಂಬಿ ನಾಳೆ ಬೇರೆ ಯಾರಿಗೋ ತಪ್ಪು ಡೋಸ್ ಹೋಗುತ್ತೆ."

ಸಿದ್ದರಾಮು ನೆಲ ನೋಡುತ್ತಿದ್ದ.

ಆಗಸ್ಟ್ 15. ಶುಕ್ರವಾರ

ರಜೆ. ಮಗ ಮನೆಯಲ್ಲೇ. ಜಗಳಕ್ಕೆ ಪುರುಸೊತ್ತಾಯಿತು.

ಹದಿನಾಲ್ಕು ವರ್ಷದ ಹಿಂದಿನ ಮಾತು. ಕಿರುಗಾವಲಿನಲ್ಲಿ ಆಧಾರ್ ಕ್ಯಾಂಪು. ಹುಟ್ಟಿದ ದಿನ ಯಾವುದು ಅಂದರು. ನನಗೇನು ಗೊತ್ತು... ನಮ್ಮ ಯಜಮಾನ ಮುಂದೆ ಬಂದು, "ಅರವತ್ತಾಗದೆ ಅಂತ ಬರಕೊಳಪ್ಪ, ಪೆನ್ಷನ್ ಬತ್ತದೆ" ಅಂದ. ಕ್ಯೂನಲ್ಲಿ ಅರ್ಧ ಜನ ಹಾಗೇ ಬರೆಸಿದರು. ಒಂದೇ ಬೆಳಗ್ಗೆ ಊರಿಗೆ ಊರೇ ಮುದಿಯಾಯಿತು. ನಗುತ್ತಾ ಮನೆಗೆ ಬಂದೆವು. ಪೆನ್ಷನ್ ಬಂತು. ಯಜಮಾನ ಹೋದ. ಕೂಡಿಸಿದ ವರ್ಷ ನನ್ನ ತಲೆ ಮೇಲೇ ಉಳಿದವು.

"ತಿದ್ದಿಸ್ಲಾ ಅದ್ನ," ಅಂದೆ.

"ತಿದ್ದಿಸುದ್ರೆ ಪೆನ್ಷನ್ ಕಡತ ಎದ್ದು ಕೂತ್ಕತದೆ ಕಣವ್ವ. ಅರ್ಜಿ ಬರೆದಿದ್ದು ಯಾರು? ನಾನು. ಅವಾಗ ತಾನೆ ಕೆಲ್ಸಕ್ಕೆ ಸೇರಿದ್ದೆ. ನನ್ ಅಕ್ಷರ ಅದೆ ಅದ್ರಲ್ಲಿ."

"ನಿಂಗೆ ಗೊತ್ತಿತ್ತಾ?"

"...ಅಪ್ಪ ಯೋಳುದ್ರು. ಬರ್ದೆ."

ಅರ್ಧ ಡೋಸೇ ಸಾಕು ಅನ್ನುತ್ತಾನೆ. ಆರಾಮಾಗಿರು ಅನ್ನುತ್ತಾನೆ. ಮದ್ದೂರಿನಿಂದ ನನ್ನ ತಂಗಿ ಮಲ್ಲಿಗಮ್ಮ ಫೋನು ಮಾಡಿ ಅದನ್ನೇ ಅಂದಳು. "ಇಷ್ಟು ವಯಸ್ಸಾಗದೆ, ಇನ್ನೂ ಯಾಕಕ್ಕ ಸೂಜಿ ಗೀಜಿ?" "ಯಾವ ವಯಸ್ಸೇ? ಯಜಮಾನ ಕೊಟ್ಟುದ್ದಾ, ಅವ್ವ ಕೊಟ್ಟುದ್ದಾ?" ಅಂದೆ. ಫೋನು ಇಟ್ಟಳು.

ಆಗಸ್ಟ್ 19. ಮಂಗಳವಾರ

ಬಸ್ಸು ಹತ್ತಿ ಮಳವಳ್ಳಿಗೆ ಒಬ್ಬಳೇ ಹೋದೆ. ಬಸ್ ಸ್ಟ್ಯಾಂಡ್ ಹತ್ತಿರ ಚಲುವರಾಜು ಜೆರಾಕ್ಸ್ ಅಂಗಡಿ. ಜನನ ಪ್ರಮಾಣಪತ್ರ ಸಿಗುತ್ತದಾ ಅಂತ ಕೇಳಿದೆ. ಅವನು ತಲೆಯನ್ನೂ ಎತ್ತಲಿಲ್ಲ.

"ಎಷ್ಟ್ ಆಕ್ಲಿ?"

"ಏನು ಎಷ್ಟು?"

"ವಯಸ್ಸು ಕಣಜ್ಜಿ. ಅರವತ್ತೆಂಟಾ? ಅರವತ್ತೈದ್ ಆಕುದ್ರೆ ಸೇಫು. ಸಂಜೆಗೆ ಬಾ, ಸೀಲ್ ಸಮೇತ ಕೊಡ್ತೀನಿ."

ಅಂಗಡಿ ಮುಂದೆ ಸುಮಾರು ಹೊತ್ತು ನಿಂತೆ. ಸುಳ್ಳು ಯಾಕೆ ಹೇಳಲಿ: ಆಸೆಯಾಯಿತು. ಎಷ್ಟು ಸಲೀಸು. ಸಂಜೆಗೆ ಸೀಲು, ಗುರುವಾರಕ್ಕೆ ಔಷಧಿ. ನಿಜವಾಗಿ ಆಸೆಯಾಯಿತು. ಇನ್ನೊಂದು ಮನಸ್ಸು ಅಂದಿತು: ನಿಜವಾದ ವಯಸ್ಸು ಇರುವವಳು ನಾನು. ಕಳ್ಳಿಯ ಹಾಗೆ ಅದನ್ನು ಕೊಂಡುಕೊಳ್ಳಬೇಕಾ? ಮತ್ತೆ ತಪ್ಪು ಡೋಸ್ ಹೋಗುತ್ತೆ ಅಂತ ಡಾಕ್ಟರಮ್ಮ ಹೇಳಿದ ಆ ಬೇರೆ ಯಾರೋ... ಅವಳದು ಯಾವ ಊರೋ, ಎಷ್ಟು ಮಕ್ಕಳೋ.

"ನಿಮ್ಮಜ್ಜಿಗೆ ಮಾಡ್ಕೊಡ್ಲಾ," ಎಂದು ಬಂದೆ.

ಆಗಸ್ಟ್ 22

ಜ್ವರ. ಕಂಕುಳಲ್ಲೂ ಒಂದು ಗಂಟು. ಕಡಲೆಕಾಳಿನಷ್ಟು. ಯಾರಿಗೂ ಹೇಳಿಲ್ಲ. ಡಾಕ್ಟರಮ್ಮನಿಗೆ ಹೇಳುತ್ತೇನೆ.

ಆಗಸ್ಟ್ 25. ಸೋಮವಾರ

ಪೂರಿಗಾಲಿಗೆ ಹೋಗಿ ಬಂದೆ. ತವರು. ಅಲ್ಲಿ ಈಗ ನನ್ನವರು ಅಂತ ಯಾರೂ ಇಲ್ಲ, ಶಾಲೆ ಇದೆ. ಹೆಡ್ಮೇಷ್ಟ್ರು ಶಿವಣ್ಣ ಅಂತ. ಮಕ್ಕಳಿಗೆ ಬಿಸಿಯೂಟದ ಹೊತ್ತು.

"ಟಿ.ಸಿ. ಯಾವ ಮಗಿಗೆ ಬೇಕಜ್ಜಿ?"

"ನಂಗೆ."

ನಕ್ಕರು. ನಾನು ನಗಲಿಲ್ಲ. ನಿಲ್ಲಿಸಿದರು. ನನ್ನ ಅಪ್ಪನ ಹೆಸರು ಕೆಂಪಸಿದ್ದಯ್ಯ, ನನ್ನನ್ನು ಪುಟ್ಟಮಾದಿ ಅಂತ ಬರೆಸಿರುತ್ತಾರೆ, ಬೀರು ತೆಗೀರಿ ಅಂದೆ. ಅಷ್ಟು ಹಳೆಯದು ಇಲ್ಲ ಅಂದರು. ಗೆದ್ದಲು ಹಿಡಿದಿದೆ ಅಂದರು. ಇನ್ನೊಂದು ದಿನ ಬನ್ನಿ ಅಂದರು. ನಾನು ಬೆಂಚಿನ ಮೇಲೆ ಕೂತೆ.

"ಮೇಷ್ಟ್ರೇ, ಕತ್ತಲ್ಲಿ ಒಂದು, ತಲೇಲಿ ಒಂದು ಇಟ್ಕಂಡು ಎರಡು ಬಸ್ಸು ಹತ್ತಿ ಬಂದಿವ್ನಿ. ಇಲ್ಲೇ ಬಿದ್ರೆ ನಿಮ್ಗೇ ತಾಪತ್ರಯ."

ಬೀರು ತೆಗೆದರು.

ಮೂರನೇ ಪುಸ್ತಕದಲ್ಲಿ ಇದ್ದೆ. ಪುಟದ ಅಂಚು ಗೆದ್ದಲು ತಿಂದಿದೆ, ನನ್ನ ಸಾಲು ತಿಂದಿಲ್ಲ. ಪುಟ್ಟಮಾದಿ, ತಂದೆ ಕೆಂಪಸಿದ್ದಯ್ಯ, ಒಂದನೇ ತರಗತಿ. ಹುಟ್ಟಿದ ತಾರೀಖು 1-6-1956. ಅಂದರೆ ಅರವತ್ತೊಂಬತ್ತು. ನನ್ನ ಲೆಕ್ಕಕ್ಕಿಂತ ಒಂದು ಜಾಸ್ತಿ. ಇರಲಿ. ಎಪ್ಪತ್ತಕ್ಕೆ ಇನ್ನೂ ಒಂಬತ್ತು ತಿಂಗಳಿದೆ.

ಆ ಪುಟದಲ್ಲಿ ಎಲ್ಲರೂ ಜೂನ್ ಒಂದಕ್ಕೇ ಹುಟ್ಟಿದ್ದಾರೆ. ಹತ್ತೊಂಬತ್ತು ಮಕ್ಕಳು. ಶಿವಣ್ಣ ಮೇಷ್ಟ್ರು, "ಇದನ್ನ ಡಾಕ್ಟರು ನಂಬ್ತಾರಾ?" ಅಂದರು. ನಮ್ಮ ಕಾಲದಲ್ಲಿ ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಶಾಲೆಗೆ ಸೇರಿಸುತ್ತಿದ್ದರು, ಮುಟ್ಟಿದವರಿಗೆ ಆರು ವರ್ಷ ಅಂತ ಜೂನ್ ಒಂದು ಬರೆಯುತ್ತಿದ್ದರು. ನಾನು ಮುಟ್ಟಿದ್ದು ನನಗೆ ನೆನಪಿದೆ. ಕಿವಿಯ ತುದಿ. ಮೇಷ್ಟ್ರು ಭಲೇ ಅಂದಿದ್ದರು.

ನಕಲು ಬರೆದು ಸೀಲು ಒತ್ತಿ ಕೊಟ್ಟರು. ಮೊಸರನ್ನ ಕೊಡಿಸಿದರು. ಉಂಡೆ.

ಆಗಸ್ಟ್ 28. ಗುರುವಾರ

ಡಾಕ್ಟರ್ ರೂಪ ನಕಲು ನೋಡಿದರು. ಸಂತೋಷಪಟ್ಟರು. ಆದರೂ ಆಗುವುದಿಲ್ಲ. ಒಂದು ಕಾಗದದಲ್ಲಿ ಅರವತ್ತೊಂಬತ್ತು, ಇನ್ನೊಂದರಲ್ಲಿ ಎಪ್ಪತ್ತನಾಲ್ಕು. ಅವರ ಮೇಲೊಂದು ಸಮಿತಿ ಇದೆ. ಆಧಾರ್ ತಿದ್ದಲು ಕೊಟ್ಟ ರಸೀದಿ ಬೇಕು, ಯಾಕೆ ತಪ್ಪಾಯಿತು ಅಂತ ಲಿಖಿತದಲ್ಲಿ ಬೇಕು. ಕಂಕುಳ ಗಂಟು ತೋರಿಸಿದೆ. ಮುಟ್ಟಿ ನೋಡಿ, "ತಡ ಮಾಡ್ಬೇಡಿ ಅಜ್ಜಿ" ಅಂದರು. ಅವರ ದನಿ ಬೇರೆಯಾಗಿತ್ತು.

ಮನೆ ಬಾಗಿಲಲ್ಲಿ ಸಿದ್ದರಾಮು ಅಂದ:

"ನನ್ ಕೆಲ್ಸ ಓಯ್ತದೆ ಅವ್ವ."

"ನನ್ ಜೀವ ಓಯ್ತದೆ ಕಣ್ಲಾ."

ಎರಡೂ ನಿಜ. ಅವನು ಊಟ ಮಾಡಲಿಲ್ಲ. ನಾನು ಮಾಡಿದೆ. ಜೀವ ಬೇಕು ಅಂದವಳು ಉಣ್ಣಬೇಕು.

ಸೆಪ್ಟೆಂಬರ್ 1. ಸೋಮವಾರ

ತಾಲ್ಲೂಕು ಆಫೀಸು. ಹೋಗುವೆ ಅಂತ ಮಗನಿಗೆ ಹೇಳಿರಲಿಲ್ಲ.

ರಾತ್ರಿಯೆಲ್ಲ ಪದ ಹುಡುಕಿ, ಕೊನೆಗೆ ಇದ್ದದ್ದನ್ನೇ ಬರೆದುಕೊಂಡು ಹೋಗಿದ್ದೆ. ನನ್ನ ಕೈ ಬರಹ. "ನನ್ನ ವಯಸ್ಸು ಹೆಚ್ಚಿಗೆ ಬರೆಸಿ ಪಿಂಚಣಿ ಪಡೆದಿದ್ದೇನೆ. ತಪ್ಪು ನನ್ನದು. ಬರೆಸಿದ ನನ್ನ ಗಂಡ ಮಾದಯ್ಯ ತೀರಿಕೊಂಡಿದ್ದಾರೆ. ಪಿಂಚಣಿ ನಿಲ್ಲಿಸಿ. ವಯಸ್ಸು ವಾಪಸು ಕೊಡಿ." ಮಗನ ಹೆಸರು ಬರೆಯಲಿಲ್ಲ.

ಅಂಬರೀಶ್ ಅಂತ ಅಲ್ಲಿಯ ದೊಡ್ಡ ಗುಮಾಸ್ತ, ಮಗನಿಗೆ ಮೇಲಿನವನು. ಓದಿದ. ಇನ್ನೊಂದು ಸಲ ಓದಿದ.

"ಯಾರಜ್ಜಿ ನಿಂಗೆ ಇಂಗ್ ಬರ್ಕೊಡು ಅಂದೋರು? ಎಲ್ರೂ ಬರ್ಸವ್ರೆ, ಯಾರೂ ಯೋಳಲ್ಲ. ಮನೆಗೋಗು."

"ಎಲ್ರಿಗೂ ಗಂಟಿಲ್ಲ. ತಕೊಂಡು ಸೀಲ್ ಆಕಪ್ಪ."

"ಅರ್ಜಿ ಯಾರು ಬರೆದ್ರು ಅಂತ ಕೇಳ್ತಾರೆ ಮೇಲೆ. ಏನಂತೀಯ?"

"ಗ್ಯಾಪಕ ಇಲ್ಲ."

ಆಗ ಹಿಂದಿನ ಮೇಜಿನಿಂದ ಕುರ್ಚಿ ಸರಿದ ಸದ್ದು. ಸಿದ್ದರಾಮು ಎದ್ದು ಬಂದ. ಎಲ್ಲರೂ ನೋಡುತ್ತಿದ್ದರು. ಟೈಪು ಮಾಡುತ್ತಿದ್ದ ಹುಡುಗಿಯೂ ಕೈ ನಿಲ್ಲಿಸಿದಳು.

"ಬರೆದಿದ್ದು ನಾನು ಸಾರ್. ಗೊತ್ತಿದ್ದೇ ಬರೆದೆ. ಅದನ್ನೂ ಸೇರಿಸ್ಕೊಳ್ಳಿ."

ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಕೆಳಗೆ ಎರಡು ಸಾಲು ತಾನೇ ಬರೆದು, ಸಹಿ ಹಾಕಿದ. ಅಕ್ಷರ ಅಪ್ಪನ ಥರ ಇಲ್ಲ, ನನ್ನ ಥರ. ಒತ್ತಿ ಬರೆಯುತ್ತಾನೆ.

ಆಚೆ ಬಂದ ಮೇಲೆ ಬೈದೆ. "ನಿನ್ನ ಎಸ್ರು ಬುಟ್ಟು ಬರ್ದಿದ್ನಲ್ಲಾ, ಮುಚ್ಕಂಡು ಕೂರಕ್ ಆಗ್ನಿಲ್ವಾ?" "ನೀನು ಕೂತ್ಕಂಡಿದ್ಯಾ?" ಅಂದ. ಟೀ ಕುಡಿಸಿದ. ಅಲ್ಲಿಂದ ಆಧಾರ್ ಸೆಂಟರಿಗೆ ಕರೆದುಕೊಂಡು ಹೋಗಿ, ತಿದ್ದಲು ಕೊಟ್ಟು ರಸೀದಿ ಕೊಡಿಸಿದ.

ಸೆಪ್ಟೆಂಬರ್ 18. ಗುರುವಾರ

ಸಮಿತಿ ಒಪ್ಪಿತು.

ಒಪ್ಪಿಗೆ ಪತ್ರ ಹನ್ನೊಂದು ಪುಟ, ಕನ್ನಡದಲ್ಲೇ. ನರ್ಸಮ್ಮ ಹೆಬ್ಬೆಟ್ಟಿನ ಇಂಕು ತಂದಿಟ್ಟಳು. ತೆಗೆದುಕೊಂಡು ಹೋಗು ಅಂದೆ. ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದೆ. ಎರಡು ತಾಸು. ಯಾರೋ ಉಸ್ಸಂದರು. ಓದಿದೆ. ಏಳನೇ ಪುಟದಲ್ಲಿದೆ: ರಕ್ತನಾಳ ಒಡೆದು ಮರಣ ಸಂಭವಿಸಬಹುದು. ಆ ಸಾಲನ್ನು ಎರಡು ಸಲ ಓದಿದೆ.

"ಒಡೆದ್ರೂ ನನ್ನ ಲೆಕ್ಕಕ್ಕೆ ಇಟ್ಕೊತೀರಾ, ಇಲ್ಲ ಹೊಡೆದಾಕ್ತೀರಾ?"

"ಇಟ್ಕೋತೀವಿ. ಬದುಕಿದ್ರೂ, ಇಲ್ಲದಿದ್ರೂ. ಇಲ್ಲಾಂದ್ರೆ ಅದು ಸಂಶೋಧನೆನೇ ಅಲ್ಲ."

"ವಯಸ್ಸು?"

"ಅರವತ್ತೊಂಬತ್ತು."

ಸಹಿ ಹಾಕಿದೆ. ಪುಟ್ಟಮಾದಮ್ಮ. ನಂಬರ್ ನಲವತ್ತೆರಡು.

ಸಿದ್ದರಾಮುಗೆ ನೋಟಿಸು ಬಂದಿದೆ. ಹದಿನೈದು ದಿನದಲ್ಲಿ ವಿವರಣೆ ಕೊಡಬೇಕು. ನನ್ನಿಂದ ಬಚ್ಚಿಡಲಿಲ್ಲ. ಓದಲು ಕೊಟ್ಟ.

ಸೆಪ್ಟೆಂಬರ್ 22. ಸೋಮವಾರ. ಬೆಳಗ್ಗೆ ಹತ್ತೂವರೆ

ಕಿಟಕಿ ಪಕ್ಕದ ಹಾಸಿಗೆ. ಬಿ.ಪಿ. ನೂರಮೂವತ್ತಂತೆ, ಪರವಾಗಿಲ್ಲವಂತೆ. ಔಷಧಿ ಕೆಂಪಗಿದೆ, ದಾಸವಾಳ ಹಿಂಡಿದ ಹಾಗೆ. ಸಿದ್ದರಾಮು ಕಾಲ ಬುಡದಲ್ಲಿ ಸ್ಟೂಲ್ ಹಾಕಿಕೊಂಡು ತನ್ನ ವಿವರಣೆ ಬರೆಯುತ್ತಿದ್ದಾನೆ. ಹೊಡೆದು ಹೊಡೆದು ಬರೆಯುತ್ತಾನೆ. ಇದ್ದದ್ದು ಇದ್ದ ಹಾಗೆ ಬರಿ ಅಂದೆ. "ನೀನು ನಿಂದು ನೋಡ್ಕವ್ವ" ಅಂದ.

ಹೆದರಿಕೆ ಇದೆ. ಯಾಕೆ ಇಲ್ಲ ಅನ್ನಲಿ. ತಲೆಯಲ್ಲಿ ಹೆಸರುಕಾಳು ಇಟ್ಟುಕೊಂಡು ಮಲಗಿದ್ದೇನೆ. ಆದರೆ ಅರ್ಧ ಕೇಳಲು ಬಂದಿಲ್ಲ. ಪೂರ್ತಿ ಕೇಳಿದ್ದೇನೆ, ಪೂರ್ತಿ ನಿಜ ಹೇಳಿ ಕೇಳಿದ್ದೇನೆ.

ಎಡಗೈಯಲ್ಲಿ ನರ ಸಿಗುತ್ತಿಲ್ಲ. ನರ್ಸಮ್ಮ ಮೂರು ಸಲ ಚುಚ್ಚಿದಳು, ಪಾಪ. ಬಲಗೈ ಕೊಡಿ ಅಜ್ಜಿ, ಪೆನ್ನು ಇಡಿ ಅನ್ನುತ್ತಿದ್ದಾಳೆ. ಒಂದು ಸಾಲು ಇದೆ ತಡಿಯವ್ವ ಅಂದೆ. ನಿಂತಿದ್ದಾಳೆ. ತಲೆಯಲ್ಲಿ ಒಡೆದ ಆ ಇಬ್ಬರೂ ಹೀಗೇ ಕೈ ಚಾಚಿರಬೇಕು. ಆ ಹನ್ನೊಂದು ಜನರೂ, ಇಪ್ಪತ್ತೆಂಟು ಜನರೂ. ನಾನು ಪುಟ್ಟಮಾದಮ್ಮ, ಪೂರಿಗಾಲಿ ಕೆಂಪಸಿದ್ದಯ್ಯನ ಮಗಳು, ಅರವತ್ತೊಂಬತ್ತು ವರ್ಷ, ಬಲಗೈ