ಮನೆಯೊಳಗೆ ಬಾರದ ಮೊಟ್ಟೆ

ನೊಣವಿನಕೆರೆ
೧೪ ಆಗಸ್ಟ್ ೨೦೨೪, ಬುಧವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ನಿದ್ದೆ ಬರುತ್ತಿದೆಯಾ? ವಾರ್ಡಿನಲ್ಲಿ ಫೋನ್ ಕೊಡುವುದಿಲ್ಲವಂತೆ, ಅದಕ್ಕೇ ಈ ಕಾಗದ. ನನ್ನ ಅಕ್ಷರ ನೋಡಿ ನಗಬೇಡ. ನಕ್ಕರೂ ಪರವಾಗಿಲ್ಲ, ನಗು. ಭಾನುವಾರ ನಾನು ತುಮಕೂರಿಗೆ ಬಂದಾಗ ನೀನು ಗೋಡೆ ಕಡೆ ತಿರುಗಿ ಮಲಗಿದ್ದೆ. ಊಟದ ತಟ್ಟೆ ಮುಟ್ಟಿಯೇ ಇರಲಿಲ್ಲ. ಅವನಿಗೆ ಏನಿಷ್ಟವೋ ಅದನ್ನೇ ತಂದುಕೊಡಿ, ಮೊದಲು ಹೊಟ್ಟೆಗೆ ಏನಾದರೂ ಬೀಳಲಿ ಎಂದರು ಡಾಕ್ಟರು.

ಇಲ್ಲಿ ಅಟ್ಟದ ಮೇಲೆ ಒಣಗಿದ ಕಾಯಿ ಇಳಿಸುತ್ತಿದ್ದೇವೆ. ಅಪ್ಪ ಒಂದೊಂದನ್ನೂ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಳಗಳ ಎಂದರಷ್ಟೇ ಕೆಳಗೆ ಕೊಡುತ್ತಾರೆ. ರಾಶಿಯ ಹಿಂದೆ, ನೀನು ತೋಳು ನೋಡಿಕೊಳ್ಳುತ್ತಿದ್ದ ಕನ್ನಡಿ ಒಡೆದು ಬಿದ್ದಿತ್ತು. ಪಕ್ಕದಲ್ಲೇ, ನಾವಿಬ್ಬರೂ ಪಂಪ್‌ಸೆಟ್ ಮನೆಯಲ್ಲಿ ಕದ್ದು ಮೊಟ್ಟೆ ಬೇಯಿಸುತ್ತಿದ್ದ ಪಾತ್ರೆ. ನೀನು ತಿಂದ ಮೇಲೆ ಸಿಪ್ಪೆಯನ್ನು ತೆಂಗಿನ ಬುಡದಲ್ಲಿ ಹೂಳುವುದು ನನ್ನ ಕೆಲಸ. "ಲಿಂಗ ಕಟ್ಟಿದ ಮನೆಗೆ ಮೊಟ್ಟೆ ತಂದ್ರೆ ನೀನೂ ಒಳಗೆ ಬರ್ಬ್ಯಾಡ ಕಣ್ಲಾ" ಎಂದಿದ್ದರಲ್ಲ ಅಪ್ಪ.

ಮೊಟ್ಟೆಯ ಗುಟ್ಟು ಹೇಳಿದವನು ತೋಳು ಉಬ್ಬಿಸಲು ಜಿಮ್ಮಿನಲ್ಲಿ ಚುಚ್ಚಿಕೊಂಡ ಇಂಜೆಕ್ಷನ್ ಗುಟ್ಟನ್ನು ಯಾಕೆ ಹೇಳಲಿಲ್ಲ? ಗೊತ್ತಿದ್ದರೆ ಸಿರಿಂಜನ್ನು ನಿನ್ನೆದುರೇ ಮುರಿದು ಹಾಕುತ್ತಿದ್ದೆ. ಅದನ್ನು ನಿಲ್ಲಿಸಿದ ಮೇಲೆ ಮೈ ಇಳಿಯಿತೆಂದು ಉರಿಬಿಸಿಲಲ್ಲೂ ಜರ್ಕಿನ್ ಹಾಕಿಕೊಂಡು ಓಡಾಡಿದೆ. ತೋಳು ಹೋದರೆ ಹೋಗಲಿ ಬಿಡು. ನನಗೆ ಸೈಕಲ್ ಕಲಿಸುವಾಗ ನೀನು ಕಡ್ಡಿ ಹಾಗಿದ್ದೆ, ಒಂದು ಸಲವೂ ನನ್ನನ್ನು ಬೀಳಿಸಲಿಲ್ಲ. "ಬದುಕೋದೇ ಬ್ಯಾಡ ಅನ್ಸುತ್ತೆ ಕಣೇ" ಎಂದು ನೀನು ಅತ್ತದ್ದು ಇನ್ನೂ ಕಿವಿಯಲ್ಲಿದೆ. "ಗಂಡ್ಸಾಗಿ ಅಳ್ತೀಯಲ್ಲೋ, ಎದ್ದೇಳ್ಲಾ" ಎಂದು ಅಪ್ಪ ಗದರಿದ್ದೂ ಇದೆ. ಅವರ ಮುಖ ನೋಡುವುದಿಲ್ಲ ಎಂದಿದ್ದೀಯಂತೆ. ಬೇಡವೆಂದರೆ ಬೇಡ, ನನಗೂ ಅವರ ಮೇಲೆ ಸಿಟ್ಟಿದೆ. ಆದರೆ ಆ ಸಿಟ್ಟನ್ನು ಊಟದ ಮೇಲೆ ತೋರಿಸಬೇಡ. ನನಗೆ ಭಯವಾಗುತ್ತಿದೆ ಅಣ್ಣಾ.

ಅಮ್ಮ ನಿನ್ನ ಹಾಸಿಗೆಯನ್ನು ದಿನಾ ಬಿಸಿಲಿಗೆ ಹಾಕುತ್ತಾಳೆ. ಅಜ್ಜಿ ವಿಭೂತಿ ಕೊಟ್ಟಿದ್ದಾಳೆ, ಹಚ್ಚಿಕೋ. ಅವಳ ಆಶೀರ್ವಾದವೂ ಅದರಲ್ಲೇ ಇದೆ.

ನಿನ್ನ ತಂಗಿ,
ಇಂಪನಾ

ಹೇಳುವುದನ್ನೇ ಮರೆತೆ: ಈ ಕಾಗದದ ಜೊತೆಗಿರುವ ಡಬ್ಬಿಯಲ್ಲಿ ಮೊಟ್ಟೆ ಇದೆ. ನಾನು ಬೇಯಿಸಿದ್ದಲ್ಲ. ಅಪ್ಪನೇ ತಿಪಟೂರಿಂದ ತಂದು, ಒಂದೊಂದನ್ನೂ ಕಿವಿ ಹತ್ತಿರ ಅಲ್ಲಾಡಿಸಿ, "ಒಂದೂ ಸದ್ದು ಮಾಡ್ತಿಲ್ವಲ್ಲ, ಎಲ್ಲಾ ಕೆಟ್ಟೋಗವೆ ಕಣಮ್ಮ" ಎಂದು ಕಂಗಾಲಾದರು. ಕಾಯಿಯ ಹಾಗಲ್ಲ, ಸದ್ದು ಮಾಡದ ಮೊಟ್ಟೆಯೇ ಒಳ್ಳೆಯದು ಎಂದು ನಾನು ಹೇಳಿದ ಮೇಲೆ ಬೇಯಿಸಿದರು, ಅಡುಗೆಮನೆಯೊಳಗೇ, ನಮ್ಮ ಒಲೆಯ ಮೇಲೇ. ಈ ಕಾಗದ ತಂದವರೂ ಅವರೇ, ಆಸ್ಪತ್ರೆಯ ಗೇಟಿನ ಹೊರಗೆ ನಿಂತಿರುತ್ತಾರೆ. ನೀನು ಕರೆಯದೆ ಒಳಗೆ ಬರುವುದಿಲ್ಲ. ಒಂದಾದರೂ ತಿಂದು, ಸಿಪ್ಪೆಯನ್ನು ಡಬ್ಬಿಗೆ ಹಾಕಿ ಕಳಿಸು. ಅದನ್ನು ನೋಡಿದ ಮೇಲೆಯೇ ಬಸ್ ಹತ್ತುತ್ತಾರಂತೆ.