ಸೋಮವಾರವೇ ಹಾಕಿದ ಆರು ಸಹಿ

ಮಾರ್ಚ್ 4, ಸಂಜೆ

ತಂಗೀ, ಭಾವನ ಮಂಡಿನೋವು ಹೇಗಿದೆ? ನಿನ್ನ ಬಿ.ಪಿ.? ಕಿರಿಯವಳ ಕೆಮ್ಮು? ದೊಡ್ಡವಳ ಕೈ ಹೇಗಿದೆ ಎಂದು ಕೇಳಲು ನನಗೆ ಬಾಯಿಲ್ಲ. ಅದಕ್ಕೇ ಇದು ಅಂಚೆಗೆ ಹೋಗದು. ಡೈರಿಯಲ್ಲೇ ಇರಲಿ.

ಇವತ್ತೂ ಲಾಂಡ್ರಿಗೆ ಹೋದೆ. ಇಸ್ತ್ರಿ ಹಾಲ್‌ನ ಮೇಸ್ತ್ರಿಯಲ್ಲವೇ. ಅವಳ ಬಲಗೈ ಎಳೆದುಕೊಂಡ ರೋಲರ್‌ಗೆ ಹೊಸ ಸ್ಟಾಪ್ ಬಟನ್ ಬಂದಿದೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು...

ಮಾರ್ಚ್ 6

ಪರಿಹಾರದ ಲೆಕ್ಕ ಕಟ್ಟುವ ಮೇಡಂ ಅವಳ ಮನೆಗೆ ಬಂದಿದ್ದರು. ನಾನೂ ಅಲ್ಲೇ ಇದ್ದೆ. ಇನ್ನೆಷ್ಟು ವರ್ಷ ದುಡಿಯುತ್ತಿದ್ದಳು, ಸಂಬಳ ಎಷ್ಟು ಏರುತ್ತಿತ್ತು... ಮನೆಗೆಲಸಕ್ಕೂ ಬೆಲೆ ಕಟ್ಟುತ್ತಾರಂತೆ.

"ಮಗಳಿಗೆ ಜಡೆ ಹಾಕೋಕೆ ಎಷ್ಟು ಹೊತ್ತಾಗ್ತಿತ್ತಮ್ಮ?"

"ಹತ್ತು ನಿಮಿಷ. ಕುಣಿದಾಡಿದ್ರೆ ಹದಿನೈದು. ಅದನ್ನೂ ಬರ್ಕೋತೀರಾ?"

"ಬರ್ಕೋತೀನಿ."

ನಕ್ಕಳು ಕಣೇ ನಿನ್ನ ಮಗಳು.

"ಆದ್ರೆ ತಪ್ಪು ನಿಮ್ದೇ ಅಂತಾದ್ರೆ ಒಂದು ಪೈಸೆ ಸಿಗಲ್ಲ. ಬಟನ್ ಕೆಟ್ಟಿತ್ತು ಅನ್ನೋಕೆ ಸಾಕ್ಷಿ?"

"ಹಿಂದಿನ ದಿನಾನೇ ಮಾವಂಗೆ ಹೇಳಿದ್ದೆ. ಕೇಳಿ, ಇಲ್ಲೇ ಇದ್ದಾರಲ್ಲ."

ಹೊತ್ತಾಯಿತು ಎಂದು ಚಪ್ಪಲಿ ಮೆಟ್ಟಿ ಹೊರಟುಬಂದೆ.

ಮಾರ್ಚ್ 11

ನಾಲ್ಕು ದಿನ ಬರೆಯಲಾಗಲಿಲ್ಲ. ನಾಳೆ ವಿಚಾರಣೆ. ಮ್ಯಾನೇಜರ್ ತಪಾಸಣೆ ಪುಸ್ತಕ ಕೈಗಿಟ್ಟರು.

ದಿನಾ ಬೆಳಿಗ್ಗೆ ಬಟನ್ ಒತ್ತಿ ನೋಡಿ, 'ಸರಿಯಿದೆ' ಎಂದು ಸಹಿ ಹಾಕಬೇಕು. ಸೋಮವಾರವೇ ಶನಿವಾರದ ತನಕ ಆರೂ ಎಳೆದುಬಿಡುವುದು ನನ್ನ ಹಳೇ ಚಾಳಿ. ಆ ವಾರ ಬುಧವಾರ ಅವಳು ಬಂದು "ಮಾವ, ಬಟನ್ ಕಚ್ಕೊಳ್ತಿದೆ" ಎಂದಳು. "ನಾನು ಮೇಲೆ ಹೇಳ್ತೀನಿ, ನೀ ಹೋಗು" ಎಂದೆ. ಹೇಳಲಿಲ್ಲ. ಹೇಳಿದ್ದರೆ ಪುಸ್ತಕ ತೆರೆಯುತ್ತಿದ್ದರು, ಗುರುವಾರದ ಸಹಿ ಬುಧವಾರವೇ ಕಾಣುತ್ತಿತ್ತು. ಗುರುವಾರ ಅವಳ ಕೈ ಹೋಯಿತು. ಶುಕ್ರ, ಶನಿ ಹಾಲ್‌ಗೆ ಬೀಗ. ಆ ದಿನಗಳಿಗೂ ನನ್ನ ಸಹಿ!

"ಆ ಎರಡರ ಮೇಲೆ ಟೀ ಚೆಲ್ತು ಅಂದ್ರಾಯ್ತು, ಮೇಸ್ತ್ರಿ," ಎಂದರು ಮ್ಯಾನೇಜರ್. "ಗುರುವಾರದ್ದು ಉಳಿದ್ರೆ ಬಟನ್ ಸರಿಯಿತ್ತು ಅಂತಾಗುತ್ತೆ. ರಿಟೈರ್ ಆಗೋಕೆ ನಾಲ್ಕೇ ತಿಂಗಳು. ಯಾಕೆ ಮೈಮೇಲೆ ಎಳ್ಕೋತೀರಿ?"

ಪುಸ್ತಕ ಎದುರಿಗಿದೆ. ಟೀ ಲೋಟವೂ. ಆರಿಹೋಗಿದೆ.

ಮಾರ್ಚ್ 12

ವಿಚಾರಣೆಯ ಸಾಹೇಬರಿಗೆ ಪುಸ್ತಕ ಹಾಗೇ ಒಪ್ಪಿಸಿದೆ. "ಬೀಗ ಬಿದ್ದ ದಿನಕ್ಕೂ ಸರಿಯಿದೆ ಅಂತ ಬರ್ದೋನು ನಾನು. ನನ್ನ ಸಹಿ ನಂಬಬೇಡಿ ಸ್ವಾಮಿ, ಅವಳ ಮಾತು ನಂಬಿ." ಕೆಲಸ ಹೋಯಿತು. ಹೋಗಲಿ.

ಹೊರಗೆ ಬೆಂಚಿನ ಮೇಲೆ ಅವಳು ನನ್ನಿಂದ ಒಂದು ಮಾರು ದೂರ ಸರಿದು ಕೂತಳು.

"ಅಂದ್ರೆ... ಬುಧವಾರ ನೀವು ಯಾರಿಗೂ ಹೇಳ್ಲೇ ಇಲ್ವಾ ಮಾವ?"

ತಂಗೀ, ಈ ಹಾಳೆಗಳನ್ನು ಕಿತ್ತು ಕಳಿಸುತ್ತಿದ್ದೇನೆ. ಬೈದಾದರೂ ಬೇಗ ಒಂದು ಸಾಲು ಬರೆ. ಅವಳಿಗೂ ಹೇಳು, ಎಡಗೈಯಲ್ಲಾದರೂ ಒಂದು ಸಾಲು ಬರೆಯಲಿ.